ತುಳುನಾಡು: ಕಾಪಾಡಿದವರು ಮತ್ತು ತೆರೆದವರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಶ್ರಾವಕ ಕುಟುಂಬಗಳು ದಕ್ಷಿಣದ ಯಾತ್ರೆಗೆ ಹೊರಟರೆ ಶ್ರವಣಬೆಳಗೊಳದ ದರ್ಶನ ಮುಗಿಸಿ, ಘಟ್ಟವಿಳಿದು, ಧರ್ಮಸ್ಥಳ, ವೇಣೂರು, ಮೂಡುಬಿದಿರೆ, ಕಾರ್ಕಳಗಳನ್ನು ಕಂಡು ಮರಳುವುದು ರೂಢಿ. ಬಿಂಬಗಳ ಎತ್ತರ, ಕಂಬಗಳ ಎಣಿಕೆ ನಮ್ಮ ನೆನಪಿನಲ್ಲಿ ಉಳಿಯುತ್ತವೆ. ಆ ನಾಡು ಎಂಥದು, ಅಲ್ಲಿ ಯಾರು ಯಾರು ಬಾಳಿದರು, ಅವರ ನಡುವೆ ಬೆರಳೆಣಿಕೆಯಷ್ಟಿದ್ದ ಜೈನರು ಇಷ್ಟನ್ನು ಹೇಗೆ ಉಳಿಸಿಕೊಂಡರು ಎಂಬುದನ್ನು ಮಾತ್ರ ನಾವು ಕೇಳಿಕೊಳ್ಳುವುದು ಕಡಿಮೆ. ಆ ವಿಚಾರವನ್ನು ಸಮಾಜಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮದು ಕೃಷ್ಣೆಯ ಸೀಮೆಯ ಕರಿಮಣ್ಣಿನ ಬಯಲು. ಮಳೆಗಾಗಿ ಮುಗಿಲು ನೋಡುವ ನಾಡು. ತುಳುನಾಡು ಇದಕ್ಕೆ ತೀರ ಭಿನ್ನ. ಪಶ್ಚಿಮ ಘಟ್ಟಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ ಹಬ್ಬಿರುವ ಕಿರಿದಾದ ಪ್ರದೇಶವದು. ಇಂದಿನ ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳ ಬಹುಭಾಗ, ಕೇರಳದ ಕಾಸರಗೋಡಿನ ಉತ್ತರಭಾಗ ಇದರಲ್ಲಿ ಸೇರುತ್ತವೆ. ವರ್ಷವೆಲ್ಲ ಸೆಕೆ, ಮಳೆಯೋ ವರ್ಷಕ್ಕೆ ಸುಮಾರು 4,000 ಮಿಲಿಮೀಟರು. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ ಮೊದಲಾದ ನದಿಗಳು ಘಟ್ಟದಿಂದಿಳಿದು ಅಲ್ಪ ದೂರದಲ್ಲೇ ಕಡಲು ಸೇರುತ್ತವೆ. ತಗ್ಗಿನ ಗದ್ದೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಭತ್ತದ ಬೆಳೆಗಳು. ಅಂಚಿನಲ್ಲಿ ತೆಂಗು, ಅಡಿಕೆ, ಕಾಳುಮೆಣಸು. ನಮ್ಮಲ್ಲಿಯಂತೆ ಮನೆಗೆ ಮನೆ ಒತ್ತಿಕೊಂಡ ಊರುಗಳು ಅಲ್ಲಿ ವಿರಳ. ಒಂದೊಂದು ಮನೆಯೂ ತನ್ನ ಗದ್ದೆ ತೋಟಗಳ ನಡುವೆ ನಿಂತಿರುತ್ತದೆ. ಹೀಗೆ ಚೆದುರಿದ ಬಾಳಿನಲ್ಲಿ ನೆರೆಯವನ ನಂಬಿಕೆಯೇ ದೊಡ್ಡ ಆಸರೆ.

ಈ ಸಣ್ಣ ನಾಡಿನ ಜನವೈವಿಧ್ಯ ಆಶ್ಚರ್ಯಕರ. ಒಕ್ಕಲುತನದಲ್ಲಿ ಬಂಟರು, ಮೂರ್ತೆಯಲ್ಲೂ ಬೇಸಾಯದಲ್ಲೂ ಬಿಲ್ಲವರು, ಮೀನುಗಾರಿಕೆಯಲ್ಲಿ ಮೊಗವೀರರು, ಮಡಕೆ ಮಾಡುವ ಕುಲಾಲರು, ಶಿವಳ್ಳಿ ಬ್ರಾಹ್ಮಣರು, ಕೊಂಕಣಿ ಮಾತಿನ ಸಾರಸ್ವತರು, ಗೋವೆಯಿಂದ ಬಂದು ನೆಲೆಸಿದ ಕ್ರೈಸ್ತರು, ಅರಬರೊಡನೆ ನಡೆದ ಕಡಲವ್ಯಾಪಾರದ ಪರಂಪರೆಯುಳ್ಳ ಬ್ಯಾರಿ ಮುಸಲ್ಮಾನರು, ಕಾಡಿನಂಚಿನ ಕೊರಗರು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಇವರೆಲ್ಲರ ನಡುವೆ ಜೈನರ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ.

ಹಲ್ಮಿಡಿ ಶಾಸನದ ಕಾಲದಿಂದಲೂ ಹೆಸರು ಕೇಳಿಬರುವ ಆಳುಪರು ಈ ನಾಡನ್ನು ಬಹುಕಾಲ ಆಳಿದರು. ಅವರ ತರುವಾಯ ವಿಜಯನಗರದ ಅಧೀನದಲ್ಲಿ ಕಾರ್ಕಳದ ಭೈರರಸರು, ಪುತ್ತಿಗೆ ಮತ್ತು ಮೂಡುಬಿದಿರೆಯ ಚೌಟರು, ಬಂಗರು, ವೇಣೂರಿನ ಅಜಿಲರು, ಮುಲ್ಕಿಯ ಸಾವಂತರು ಮುಂತಾದ ಜೈನ ಅರಸುಮನೆತನಗಳು ಬೆಳಗಿದವು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ, ಕಾರ್ಕಳದ ಸುಮಾರು 42 ಅಡಿಯ ಗೊಮ್ಮಟ 1432ರಲ್ಲಿ, ಅಲ್ಲಿನ ಚತುರ್ಮುಖ ಬಸದಿ 1586ರಲ್ಲಿ, ವೇಣೂರಿನ 35 ಅಡಿಯ ಬಾಹುಬಲಿ 1604ರಲ್ಲಿ ಎದ್ದುನಿಂತವು. ಈ ಮನೆತನಗಳು ನೆಲದ ಕಟ್ಟಳೆಯನ್ನೇ ತಮ್ಮದಾಗಿಸಿಕೊಂಡವು. ಮಗನ ಬದಲು ಸಹೋದರಿಯ ಮಕ್ಕಳಿಗೆ ಹಕ್ಕು ಸಲ್ಲುವ ಅಳಿಯಸಂತಾನ ಪದ್ಧತಿಯನ್ನು ತುಳುನಾಡಿನ ಜೈನರೂ ಅನುಸರಿಸಿದರು. ಆದ್ದರಿಂದಲೇ ಅಲ್ಲಿ ರಾಣಿಯರ ಆಳ್ವಿಕೆ ಅಪರೂಪದ ಸಂಗತಿಯಾಗಿರಲಿಲ್ಲ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಚೌಟರ ಮನೆತನದವಳು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ಕಂಡಾಗ, ಆಕೆ ಹೊಲಗಳಿಗೆ ನೀರು ಹಾಯಿಸುವ ಕಾಲುವೆಗಳ ಕೆಲಸ ನೋಡಲು ತಾನೇ ಕಾಲ್ನಡಿಗೆಯಲ್ಲಿ ಹೊರಟಿದ್ದಳು. ಒಕ್ಕಲುಮಕ್ಕಳಾದ ನಮಗೆ ಈ ಚಿತ್ರ ಆಪ್ತವೆನಿಸುತ್ತದೆ.

ನೆರೆಹೊರೆಯ ನಂಬಿಕೆಗೆ ಎದ್ದುಕಾಣುವ ನಿದರ್ಶನ ಧರ್ಮಸ್ಥಳ. ಅಲ್ಲಿ ಆರಾಧ್ಯದೈವ ಮಂಜುನಾಥ ಶಿವಸ್ವರೂಪಿ, ಅರ್ಚಕರು ವೈಷ್ಣವರು, ಧರ್ಮಾಧಿಕಾರದ ಪೀಠದಲ್ಲಿರುವುದು ಜೈನ ಹೆಗ್ಗಡೆ ಮನೆತನ, ಕ್ಷೇತ್ರದ ಮೂಲದಲ್ಲಿರುವುದು ತುಳುವರ ದೈವಗಳು, ಜೊತೆಯಲ್ಲೇ ಚಂದ್ರನಾಥ ಬಸದಿ. 1982ರಲ್ಲಿ ಅಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈಯವರು, ಅವರು ಜೈನರಲ್ಲ. ನಮ್ಮ ಮಂಗಸೂಳಿಯವರಿಗೆ ಇದು ಅಪರಿಚಿತ ಧರ್ಮವೇನಲ್ಲ. ಖಂಡೋಬನ ಜಾತ್ರೆಯಲ್ಲಿ ಭಂಡಾರ ಹಾರಿದಾಗ ಅದು ಯಾರ ಮೈಮೇಲೆ ಬಿತ್ತೆಂದು ಯಾರೂ ಜಾತಿ ಕೇಳುವುದಿಲ್ಲ.

ಆದರೆ ಇತಿಹಾಸವನ್ನು ಬರಿಯ ಹೊಗಳಿಕೆಗಾಗಿ ಓದಬಾರದು. ಇಷ್ಟೊಂದು ಸೌಹಾರ್ದವನ್ನು ಕಂಡ ಅದೇ ನಾಡಿನಲ್ಲಿ ಕೊರಗರನ್ನು ಅಮಂಗಳದ ಭಾರ ಹೊರುವವರೆಂದು ನಡೆಸಿಕೊಂಡ ‘ಅಜಲು’ ಎಂಬ ಕ್ರೂರ ಪದ್ಧತಿಯೂ ಇತ್ತು. ಅದನ್ನು ನಿಷೇಧಿಸಲು 2000ದಲ್ಲಿ ರಾಜ್ಯವು ಕಾಯಿದೆಯನ್ನೇ ಮಾಡಬೇಕಾಯಿತು. ಇರುವೆಗೂ ನೋವಾಗದಂತೆ ಹೆಜ್ಜೆಯಿಡಬೇಕೆಂದು ಕಲಿಸಿದ ಧರ್ಮದ ಅರಸರು ಆ ನೆಲವನ್ನು ಶತಮಾನಗಳ ಕಾಲ ಆಳಿದ್ದರೆಂಬುದನ್ನು ನೆನೆದಾಗ ನಮ್ಮ ತಲೆ ಬಾಗಲೇಬೇಕು.

ಇನ್ನು ನಮ್ಮ ಸೀಮೆಯನ್ನೂ ಆ ಕರಾವಳಿಯನ್ನೂ ನೇರವಾಗಿ ಬೆಸೆಯುವ ಒಂದು ಪ್ರಸಂಗ. ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರ ಷಟ್ಖಂಡಾಗಮ, ಅದಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆ, ಹಾಗೆಯೇ ಜಯಧವಲಾ, ಮಹಾಧವಲಾ ಎಂದು ಹೆಸರಾದ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದವು. ಮಳೆ, ಗೆದ್ದಲು, ಯುದ್ಧಗಳಿಂದ ಅವನ್ನು ಪಾರುಮಾಡಿದ ಕೀರ್ತಿ ಆ ಚಿಕ್ಕ ಸಮುದಾಯಕ್ಕೆ ಸಲ್ಲಬೇಕು. ಆದರೆ ಕಾಲಕ್ರಮದಲ್ಲಿ ಅವು ದರ್ಶನದ ವಸ್ತುಗಳಾದವು. ಯಾತ್ರಿಕರು ಕೈಮುಗಿಯುತ್ತಿದ್ದರು, ಓದುವವರಿರಲಿಲ್ಲ. ಸೊಲ್ಲಾಪುರದ ಹಿರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಮೊದಲಾದ ಶ್ರಾವಕರ ಪ್ರಯತ್ನದಿಂದ 19ನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕಾರ್ಯ ಆರಂಭವಾಯಿತು. ಪ್ರತಿಗಳು ಹೊರಗೆ ಹೋಗಬಾರದೆಂಬ ಕಟ್ಟುಪಾಡಿತ್ತು. ಆದರೂ ಲಿಪಿಕಾರ ಪಂಡಿತರು ಗುಟ್ಟಾಗಿ ಮಾಡಿಕೊಂಡ ಒಂದು ಪ್ರತಿ ಉತ್ತರದ ಸಹಾರನಪುರವನ್ನು ಸೇರಿತು. ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಪ್ರಕಟಿಸಲಾರಂಭಿಸಿದ ಆವೃತ್ತಿಗೆ ಆಧಾರವಾದದ್ದು ಆ ಪ್ರತಿಯಿಂದ ಹರಡಿದ ನಕಲುಗಳೇ.

ಇಲ್ಲೊಂದು ಧರ್ಮಸೂಕ್ಷ್ಮವಿದೆ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಅಚೌರ್ಯವ್ರತಕ್ಕೆ ಭಂಗ. ಆದರೆ ಜ್ಞಾನವನ್ನು ಮರೆಮಾಡುವುದು, ಅದಕ್ಕೆ ಅಂತರಾಯ ತರುವುದು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ಗುಟ್ಟಾಗಿ ಒಯ್ದದ್ದು ತಪ್ಪೆಂದರೆ ಬೀಗ ಹಾಕಿದ್ದೂ ತಪ್ಪೇ. ಈ ತೊಡಕು ಬಿಡಿಸಿಕೊಂಡದ್ದು ಪರಸ್ಪರ ವಿಶ್ವಾಸದಿಂದ. ಮುದ್ರಣ ಶ್ರದ್ಧೆಯಿಂದ ನಡೆಯುತ್ತಿರುವುದನ್ನು ಕಂಡು ಮೂಡುಬಿದಿರೆಯವರೇ ಮೂಲ ತಾಳೆಗರಿಗಳೊಡನೆ ಪಾಠ ಹೋಲಿಸಲು ಅನುಮತಿ ಕೊಟ್ಟರು. 1958ರ ಹೊತ್ತಿಗೆ ಹದಿನಾರು ಸಂಪುಟಗಳು ಪೂರ್ಣಗೊಂಡವು. ಈ ಸಂಪಾದನೆಗೆ ಸಹಕರಿಸಿದವರಲ್ಲಿ ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರೂ ಒಬ್ಬರು. ಭೋಜ ಗ್ರಾಮದ ಪೂಜ್ಯ ಆಚಾರ್ಯ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಈ ಆಗಮಗಳನ್ನು ತಾಮ್ರಪತ್ರಗಳಲ್ಲಿ ಕೊರೆಸಲಾಯಿತು. ಕರಾವಳಿ ಕಾಪಾಡಿದ್ದನ್ನು ಲೋಕಕ್ಕೆ ತೆರೆಯುವಲ್ಲಿ ನಮ್ಮ ಬಯಲಿನ ಕೈಗಳೂ ಸೇರಿದವು.

1974ರ ಭೂಸುಧಾರಣೆಯ ತರುವಾಯ ತುಳುನಾಡಿನ ಗೇಣಿ ಒಕ್ಕಲುಗಳು ತಾವು ಉಳುವ ಭೂಮಿಗೆ ಒಡೆಯರಾದರು. ಅದು ನ್ಯಾಯವೇ. ಆದರೆ ಗೇಣಿಯ ಅಕ್ಕಿಯಿಂದ ಪೂಜೆ ನಡೆಸುತ್ತಿದ್ದ ಹಳ್ಳಿಯ ಬಸದಿಗಳಿಗೆ ಆಧಾರ ತಪ್ಪಿತು. ನಾಲ್ಕಾರು ಮನೆಗಳಷ್ಟೇ ಉಳಿದ ಊರುಗಳಲ್ಲಿ ಇಂದ್ರರು, ಅಂದರೆ ಅಲ್ಲಿನ ಜೈನ ಪುರೋಹಿತರು, ದಿನವೂ ದೀಪ ಹಚ್ಚುವುದು ಸಣ್ಣ ಮಾತಲ್ಲ. ಮುಂದಿನ ಯಾತ್ರೆಯಲ್ಲಿ ನಮ್ಮ ಬಂಡಿ ದೊಡ್ಡ ಕ್ಷೇತ್ರಗಳ ಜೊತೆಗೆ ಅಂಥದೊಂದು ಬಸದಿಯ ಮುಂದೆಯೂ ನಿಲ್ಲಲಿ. ಮರಳಿ ಬಂದಮೇಲೆ ನಮ್ಮ ಬಸ್ತಿಗಳ ವಿಶ್ವಸ್ಥರು ತಮ್ಮ ಕಪಾಟುಗಳ ಬೀಗವನ್ನೂ ಒಮ್ಮೆ ತೆಗೆಯಲಿ. ಅಲ್ಲಿರುವ ಹಳೆಯ ಹಸ್ತಪ್ರತಿಗಳನ್ನು ಓದಬಲ್ಲವರಿಗೆ ತೋರಿಸಲಿ, ಪಟ್ಟಿ ಮಾಡಿಸಲಿ. ಕಾಪಾಡುವುದು ಅರ್ಧ ಧರ್ಮ. ಅರ್ಹರ ಕೈಗೆ ತಲುಪಿಸಿದಾಗಲೇ ಅದು ಪೂರ್ಣವಾಗುತ್ತದೆ.