ಮಂಜಿನ ಛಾಯಾಗ್ರಹಣ

ಮಂಜಿನ ಛಾಯಾಗ್ರಹಣ: ಚಳಿಗಾಲದ ಹಿಮ, ಕಾವಳ, ಇಬ್ಬನಿ ಕವಿದ ಹಳ್ಳಿಗಾಡನ್ನು ಸೆರೆಹಿಡಿಯುವ, ಭೂದೃಶ್ಯ ಛಾಯಾಗ್ರಹಣದ ಒಂದು ಪ್ರಕಾರ. ಕನ್ನಡದ 'ಮಂಜು' ಹಿಮಕ್ಕೂ ಕಾವಳಕ್ಕೂ ಸಲ್ಲುವುದರಿಂದ ಹೆಸರು ಎರಡನ್ನೂ ಒಳಗೊಳ್ಳುತ್ತದೆ. ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮಹರಳಿನ ಚಿತ್ರ ತೆಗೆದದ್ದು ಹಿಮದ ಛಾಯಾಗ್ರಹಣದ ಆರಂಭಿಕ ಸಾಧನೆಗಳಲ್ಲೊಂದು.

ಕ್ಯಾಮೆರಾದ ಬೆಳಕಿನ ಮಾಪಕ ಬಿಳುಪನ್ನು ಬೂದು ಎಂದೇ ಎಣಿಸುತ್ತದೆ. ಹಿಮ ಮಾಸಲಾಗಿ ಕಾಣದಿರಲು ಎಕ್ಸ್‌ಪೋಶರನ್ನು 1ರಿಂದ 2 ಸ್ಟಾಪ್ (ಬೆಳಕಿನ ಅಳತೆಯ ಹಂತ) ಏರಿಸುತ್ತಾರೆ. ಕಾವಳಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಸಾಕು. ಕೊರೆಯುವ ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ.

ದಕ್ಷಿಣ ಭಾರತದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗುವುದು ಊಟಿ, ಮುನ್ನಾರ್‌ಗಳಂಥ ಎತ್ತರದ ತಾಣಗಳಲ್ಲಿ, ಹೆಚ್ಚಾಗಿ ಡಿಸೆಂಬರ್–ಜನವರಿಯಲ್ಲಿ. ಕರಾವಳಿಯಲ್ಲಿ, ಉದಾಹರಣೆಗೆ ಕಾಸರಗೋಡು ಜಿಲ್ಲೆಯ ಹೊಸಂಗಡಿಯಲ್ಲಿ, ಹಿಮವಿಲ್ಲ. ಅಲ್ಲಿ ಚಳಿಗಾಲವೆಂದರೆ ಅಡಿಕೆ ತೋಟದ ಮೇಲೆ ತೆಳ್ಳಗೆ ನಿಂತ ಬೆಳಗಿನ ಕಾವಳ, ಗದ್ದೆಬದುವಿನ ಜೇಡರ ಬಲೆಯಲ್ಲಿ ಸಾಲುಗಟ್ಟಿದ ಹನಿ. ಬಲೆಯನ್ನು ಸೂರ್ಯನಿಗೆ ಎದುರಾಗಿ, ಹಿಂದೆ ನೆರಳಿಟ್ಟು ತೆಗೆದರೆ ಹನಿಗಳು ಹೊಳೆಯುತ್ತವೆ, ಬಿಸಿಲೇರಿದರೆ ಆರಿಹೋಗುತ್ತವೆ. ಭೂದೃಶ್ಯ ಬೇಕಿದ್ದರೆ, ಅದೇ ಸೀಮೆಯ, ಧರ್ಮತ್ತಡ್ಕ ಬಳಿಯ ಪೊಸಡಿಗುಂಪೆ ಗುಡ್ಡದಿಂದ ಸುತ್ತಲಿನ ವಿಶಾಲ ದೃಶ್ಯ ಸಿಗುತ್ತದೆ.

ಕರಾವಳಿಯ ತೊಡಕು ಚಳಿಯಲ್ಲ, ತೇವ. ಎ.ಸಿ. ಕಾರಿನಿಂದ ಹೊರತೆಗೆದ ಲೆನ್ಸ್‌ಗೆ ಕೂಡಲೇ ಹಬೆ ಕಟ್ಟುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಶಾಖಕ್ಕೆ ಒಗ್ಗಿಸುವುದು ರೂಢಿ.