ತಿಂಗಳಿಗೆ ಐದು ರೂಪಾಯಿ

ಕತ್ತಲಗೆರೆಯ ನಮ್ಮ ಮನೆಯ ದೇವರ ಗೂಡಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಹಳೆಯ ಕಾರ್ಡ್ ಇದೆ. ಅಪ್ಪ, ಅವ್ವ, ತಮ್ಮ, ನಾನು, ನಾಲ್ವರ ಫೋಟೋ. ಕುಂಕುಮದ ಡಬ್ಬಿಯ ಕೆಳಗಿದ್ದೂ ಇದ್ದೂ ಅವ್ವನ ಮುಖ ಕೆಂಪಗಾಗಿದೆ. ಅದು 2003ರ ಯಶಸ್ವಿನಿ ಕಾರ್ಡ್.

ಆಗ ನಮ್ಮ ಚಿಕ್ಕಪ್ಪ ಡೇರಿಯ ಸೆಕ್ರೆಟರಿ. ಹಾಲಿನ ಬಟವಾಡೆಯ ದಿನ ಲೆಕ್ಕದ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. ತಲೆಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು. ಆಪರೇಷನ್ ಬಂದರೆ ಆಸ್ಪತ್ರೆಗೆ ದುಡ್ಡು ಕಟ್ಟುವಂತಿಲ್ಲ. ಒಂದು ಆಪರೇಷನ್‌ಗೆ ಒಂದು ಲಕ್ಷ, ವರ್ಷಕ್ಕೆ ಎರಡು ಲಕ್ಷದವರೆಗೆ ಮಿತಿ. ಜ್ವರಕ್ಕೆ, ಸಕ್ಕರೆ ಕಾಯಿಲೆಯ ಮಾತ್ರೆಗೆ ಇದರಲ್ಲಿ ಕಾಸಿಲ್ಲ. ಊರಿನವರಿಗೆ ನಂಬಿಕೆ ಬರದಿದ್ದರೆ ಆಶ್ಚರ್ಯವೇನು?

ಯೋಚನೆ ಹೃದಯತಜ್ಞ ಡಾ. ದೇವಿ ಶೆಟ್ಟಿಯವರದು. ಅದನ್ನು ಹಳ್ಳಿಗೆ ತಲುಪಿಸಿದ್ದು ಸರ್ಕಾರದ ಸಹಕಾರ ಇಲಾಖೆ. ಇದರಲ್ಲಿ ವಿಮಾ ಕಂಪನಿಯೇ ಇರಲಿಲ್ಲ. ಸದಸ್ಯರ ದುಡ್ಡು ಒಂದು ಟ್ರಸ್ಟಿಗೆ ಹೋಗುತ್ತಿತ್ತು, ಆಸ್ಪತ್ರೆಗಳು ಮೊದಲೇ ಒಪ್ಪಿದ ದರಕ್ಕೆ ಆಪರೇಷನ್ ಮಾಡುತ್ತಿದ್ದವು. ಕೋಟಿಗಟ್ಟಲೆ ದುಡ್ಡನ್ನು ಐದೈದು ರೂಪಾಯಿಯಾಗಿ ಹಳ್ಳಿಯಿಂದ ಎತ್ತುವ ಖರ್ಚೇ ಇಂಥ ಯೋಜನೆಗಳನ್ನು ಮುಳುಗಿಸುತ್ತದೆ. ಇಲ್ಲಿ ಆ ಕೆಲಸಕ್ಕೆ ಹಾಲಿನ ಡೇರಿ, ಸೊಸೈಟಿಗಳು ಮೊದಲೇ ಇದ್ದವು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಶುರುವಾದ ಸಹಕಾರ ಸಂಘದ ಪರಂಪರೆ ನೂರು ವರ್ಷದ ಹೊತ್ತಿಗೆ ಹೀಗೊಂದು ಕೆಲಸಕ್ಕೆ ಬಂತು. 1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾರ್ಮಿಕರ ವಿಮೆ ತಂದಾಗಲೂ ಕುಶಲಕರ್ಮಿಗಳ ಹಳೆಯ ಸಹಾಯ ನಿಧಿಗಳನ್ನೇ ಬಳಸಿಕೊಂಡಿದ್ದ. ಆದರೆ ಅಲ್ಲಿ ಕಟ್ಟುವುದು ಕಡ್ಡಾಯ, ಇಲ್ಲಿ ಅವರವರ ಇಷ್ಟ. ಈ ವ್ಯತ್ಯಾಸ ಸಣ್ಣದಲ್ಲ.

ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು. ಆಪರೇಷನ್ ಆದದ್ದು ಸುಮಾರು 9 ಸಾವಿರ ಜನಕ್ಕೆ. ಸಾವಿರಕ್ಕೆ ಆರು ಜನವೂ ಅಲ್ಲ. ಆದರೂ ಸದಸ್ಯರ ಹತ್ತಿರ ಒಂಬತ್ತೂವರೆ ಕೋಟಿ ರೂಪಾಯಿ ಬಂದರೆ ಆಸ್ಪತ್ರೆಗಳಿಗೆ ಹತ್ತು ಕೋಟಿಗೂ ಹೆಚ್ಚು ಕೊಡಬೇಕಾಯಿತು. ಸರ್ಕಾರದ ನೆರವಿಲ್ಲದಿದ್ದರೆ ಮೊದಲ ವರ್ಷವೇ ತೂತು ಬೀಳುತ್ತಿತ್ತು. ಎರಡನೆಯ ವರ್ಷ ಜನ 20 ಲಕ್ಷ, ಆಪರೇಷನ್ 15 ಸಾವಿರ ದಾಟಿದವು. ಜನ ಕಾಲುಭಾಗ ಹೆಚ್ಚಿದರೆ ಆಪರೇಷನ್ ಒಂದೂವರೆ ಪಟ್ಟಿಗೂ ಮೀರಿತು. ಮೂರನೆಯ ವರ್ಷ, 2005ರಲ್ಲಿ, ದೊಡ್ಡವರ ವಂತಿಗೆ 120 ರೂಪಾಯಿಗೆ ಏರಿತು. ಸದಸ್ಯರು 15 ಲಕ್ಷಕ್ಕಿಂತ ಕೆಳಗಿಳಿದರು.

ಹಾಗೆ ಬಿಟ್ಟು ಹೋದ ಐದು ಲಕ್ಷಕ್ಕೂ ಹೆಚ್ಚು ಜನರಲ್ಲಿ ನಾವು ನಾಲ್ವರಿದ್ದೆವು.

"ಎರಡು ವರ್ಷ ಕಟ್ಟಿದ್ವಲ್ಲ, ಏನ್ ಬಂತು?" ಎಂದು ಅಪ್ಪ ಕೇಳಿದರು.

"ಏನೂ ಬರದೇ ಇರ್ಲಿ ಅಂತ್ಲೇ ಕಟ್ಟೋದಲ್ವೇನಣ್ಣಾ" ಎಂದರು ಚಿಕ್ಕಪ್ಪ.

ಅಪ್ಪ ದಡ್ಡರಲ್ಲ. 480 ರೂಪಾಯಿಗೆ ಒಂದು ಚೀಲ ಗೊಬ್ಬರ ಬರುತ್ತಿತ್ತು, ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು. ತೊಂದರೆ ಏನೆಂದರೆ, ಗಟ್ಟಿಮುಟ್ಟಾಗಿರುವವರೆಲ್ಲ ಹೀಗೇ ಲೆಕ್ಕ ಹಾಕಿ ಎದ್ದು ಹೋದರೆ ಉಳಿಯುವವರು ಆಪರೇಷನ್ ಗೊತ್ತುಮಾಡಿಕೊಂಡವರು. ಆಗ ಮತ್ತೆ ವಂತಿಗೆ ಏರಿಸಬೇಕು, ಮತ್ತಷ್ಟು ಜನ ಏಳುತ್ತಾರೆ. ಆ ವರ್ಷ ದೀಪಾವಳಿಗೆ ಮುಂಚೆ ಅವ್ವನ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಕಾರ್ಡ್ ನಡೆಯುತ್ತಿದ್ದರೆ ಪುಕ್ಕಟೆಯಾಗಬೇಕಿದ್ದ ಆಪರೇಷನ್. ದಾವಣಗೆರೆಯಲ್ಲಿ ಮಾಡಿಸಿದೆವು. ಕರೆಯುವ ಎಮ್ಮೆ ಮಾರಿದೆವು, ಎಮ್ಮೆ ಹೋದ ಮೇಲೆ ಡೇರಿಗೂ ಹೋಗಲಿಲ್ಲ. ಚಿಕ್ಕಪ್ಪ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ, ಅಪ್ಪನಿಗೆ ಅದೇ ಹೆಚ್ಚು ಚುಚ್ಚಿತು ಅನ್ನಿಸುತ್ತದೆ.

ವಂತಿಗೆಯೇ ಬೇಡವೆಂಬ ದಾರಿಯನ್ನೂ ಸರ್ಕಾರ ನೋಡಿತು. 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಸರ್ಕಾರದ ದುಡ್ಡಿನದು, ಬಿಪಿಎಲ್ ಕುಟುಂಬಗಳ ದೊಡ್ಡ ಕಾಯಿಲೆಗಳಿಗೆ. ಮೊದಲು ಗುಲ್ಬರ್ಗಾ, ಆಮೇಲೆ ಬೆಳಗಾವಿ ವಿಭಾಗಕ್ಕೆ ಬಂತು. ತುಂಗಭದ್ರೆಯಾಚೆಯ ರಾಣೆಬೆನ್ನೂರಿಗೆ ಬಂದಾಗ ಬೆಂಗಳೂರು ವಿಭಾಗದ ನಮಗಿನ್ನೂ ಇರಲಿಲ್ಲ. ಈ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಇದ್ದ ಬದಿಯ ಬಡವರಲ್ಲಿ ಅಂಥ ಕಾಯಿಲೆಗಳ ಸಾವು 64 ಶೇಕಡ ಕಡಿಮೆ. ಗಡಿಯ ಈಚೆಯವನಾಗಿ ಆ ಅಂಕಿಯನ್ನು ನನಗೆ ತಣ್ಣಗೆ ಓದಲಾಗಲಿಲ್ಲ.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು. ಬಿಪಿಎಲ್‌ನವರಿಗೆ ಅದು ಉಚಿತ. ಎಪಿಎಲ್ ಕಾರ್ಡಿನವರಿಗೆ ಸರ್ಕಾರ ಕೊಡುವುದು ನಿಗದಿತ ದರದ 30 ಶೇಕಡ ಮಾತ್ರ, ಮಿಕ್ಕದ್ದು ಅವರ ಕೈಯಿಂದ. ಒಂದೆರಡು ಎಕರೆ ಅಡಿಕೆ ಇಟ್ಟುಕೊಂಡ ನಮ್ಮ ಚನ್ನಗಿರಿ ಸೀಮೆಯವರು ಮಧ್ಯದಲ್ಲಿ ಸಿಕ್ಕಿಕೊಂಡರು. ಸಹಕಾರಿಗಳ ಒತ್ತಾಯಕ್ಕೆ 2023ರ ಜನವರಿಯಿಂದ ಯಶಸ್ವಿನಿ ಮತ್ತೆ ಶುರುವಾಯಿತು. ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದವರೆಗೆ. ಸರ್ಕಾರ ಬಜೆಟ್‌ನಲ್ಲಿ 300 ಕೋಟಿ ಇಟ್ಟಿತ್ತು. ತಿಂಗಳಿಗೆ ಐದು ರೂಪಾಯಿಯಲ್ಲಿ ನಡೆಯುತ್ತದೆಂಬ ಮಾತನ್ನು ಈಗ ಯಾರೂ ಆಡುವುದಿಲ್ಲ.

ಅಪ್ಪ ಈ ಸಲ ಕಟ್ಟಿದರು. ಚಿಕ್ಕಪ್ಪ ಈಗಿಲ್ಲ, ಸೊಸೈಟಿಯಲ್ಲಿ ಹೊಸ ಹುಡುಗನಿದ್ದಾನೆ. ರಸೀದಿ ಹರಿದು ಕೊಡುತ್ತಾ ಅವನು, "ಕಾಯಿಲೆ ಏನಾದ್ರೂ ಐತೇನಜ್ಜಾ?" ಎಂದು ಕೇಳಿದನಂತೆ. "ಇಲ್ಲಪ್ಪಾ" ಎಂದು ಅಪ್ಪ ರಸೀದಿ ಮಡಚಿ ಜೇಬಿಗೆ ಹಾಕಿಕೊಂಡು ಬಂದರು. ಅದೂ ಈಗ ಕುಂಕುಮದ ಡಬ್ಬಿಯ ಕೆಳಗೇ ಇದೆ.