ಭೂಗರ್ಭ ಶಕ್ತಿಯ ಅಧ್ಯಯನ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವಿದ್ಯಾರ್ಥಿಗಳಿಗೆ ಅಧ್ಯಾಪಕ ವೃತ್ತಿಯ ದಾರಿ

ತೈಲ, ಅನಿಲ, ಯುರೇನಿಯಂ, ನೆಲದಾಳದ ಶಾಖ ಎಲ್ಲಿವೆ ಎಂದು ಹುಡುಕುವುದು, ಇಂಧನವನ್ನು ಬಂಡೆಯೊಳಗೆ ಸುರಕ್ಷಿತವಾಗಿ ಕೂಡಿಡುವುದು – ಇವೆರಡೂ ಸೇರಿದ ಭೂವಿಜ್ಞಾನದ ಶಾಖೆಯೇ ಭೂಗರ್ಭ ಶಕ್ತಿಯ ಅಧ್ಯಯನ. ಸಮಾಜದ ವಿದ್ಯಾರ್ಥಿಗಳು ವೈದ್ಯಕೀಯ, ಎಂಜಿನಿಯರಿಂಗ್, ವಾಣಿಜ್ಯದ ಜೊತೆಗೆ ಪರಿಗಣಿಸಬಹುದಾದ ಕ್ಷೇತ್ರವಿದು.

ಜಿಲ್ಲೆಯ ಶಿಲೆ

ಹಾವೇರಿ ಜಿಲ್ಲೆಯ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಕಲ್ಲಿದ್ದಲಾಗಬೇಕಾದ ಕಾಡುಗಳು ಆಗ ಭೂಮಿಯ ಮೇಲೆ ಹುಟ್ಟಿರಲೇ ಇಲ್ಲ. ಆದರೂ ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಭಾಗದ ಹೆಸರಿದೆ. ಚಿತ್ರದುರ್ಗ ಶಿಲಾಸಮೂಹದ ಒಂದು ಘಟಕವನ್ನು ‘ರಾಣೆಬೆನ್ನೂರು ಫಾರ್ಮೇಶನ್’ ಎಂದು ಕರೆಯುತ್ತಾರೆ. ನೀರಿನಡಿ ಕೂತ ಮರಳು, ಕೆಸರು ಗಟ್ಟಿಯಾಗಿ ಆದ ಗ್ರೇವ್ಯಾಕ್ ಕಲ್ಲು ಇದರಲ್ಲಿ ಹೆಚ್ಚು.

ಕರ್ನಾಟಕದಲ್ಲಿ ಅಧ್ಯಯನದ ವಿಷಯಗಳು

ತೈಲ ಸಿಗದ ಗಟ್ಟಿ ಬಂಡೆಯೇ ತೈಲ ಕೂಡಿಡಲು ಅನುಕೂಲ. ದೇಶದ ತುರ್ತು ಬಳಕೆಗಾಗಿ ಕಚ್ಚಾ ತೈಲವನ್ನು ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಸಾಮರ್ಥ್ಯದ ಶಿಲಾಗುಹೆಗಳಲ್ಲಿ ಇಡಲಾಗುತ್ತದೆ. ಈ ಗುಹೆಗಳನ್ನು ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಕೊರೆಯುತ್ತಾರೆ. ಸುತ್ತಲಿನ ಬಿರುಕುಗಳಲ್ಲಿರುವ ನೀರು ಗುಹೆಯ ಕಡೆಗೆ ಒತ್ತುವುದರಿಂದ ತೈಲ ಹೊರಗೆ ಸೋರುವುದಿಲ್ಲ. ನೀರಿನ ಒತ್ತಡ ತಗ್ಗಿದರೆ ತೈಲ ಸೋರಿ ಅಂತರ್ಜಲ ಕೆಡುವ ಅಪಾಯವಿದೆ. ಹೀಗಾಗಿ ಬಿರುಕುಗಳ ದಿಕ್ಕು, ಅಗಲ, ನೀರಿನ ಹರಿವು ಇಲ್ಲಿ ಮುಖ್ಯ. ಬ್ಯಾಡಗಿಯ ಹೊಲದಲ್ಲಿ ಬೋರ್‌ವೆಲ್‌ಗೆ ಜಾಗ ಗುರುತಿಸುವವರು ಹುಡುಕುವುದೂ ಇಂಥ ಬಿರುಕುಗಳನ್ನೇ.

ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. ಬೆಳಗಾವಿ, ವಿಜಯಪುರ ಭಾಗದಲ್ಲಿ ಡೆಕ್ಕನ್ ಬಸಾಲ್ಟ್ ಇದೆ. ಐಸ್‌ಲ್ಯಾಂಡಿನ ಬಸಾಲ್ಟ್‌ನೊಳಗೆ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಇಳಿಸಿದಾಗ, ಅದರ ಬಹುಪಾಲು ಎರಡು ವರ್ಷದೊಳಗೆ ಖನಿಜವಾಯಿತು. ಇದರಿಂದ ಡೆಕ್ಕನ್ ಬಸಾಲ್ಟ್ ಮೇಲೂ ಸಂಶೋಧಕರ ಆಸಕ್ತಿ ಹೆಚ್ಚಿದೆ. ನೆಲದಾಳದ ಶಾಖದ ವಿಷಯದಲ್ಲಿ ಕರ್ನಾಟಕದ ಹಳೆಯ ಶಿಲೆ ತಂಪು. ದೇಶದಲ್ಲಿ ಅದಕ್ಕೆ ಹೆಸರಾದದ್ದು ಲಡಾಖಿನ ಪೂಗಾ.

ಓದಿನ ಹಂತಗಳು

- ಪಿಯುಸಿ ವಿಜ್ಞಾನದ ನಂತರ ಭೂವಿಜ್ಞಾನ ವಿಷಯದೊಂದಿಗೆ ಬಿ.ಎಸ್ಸಿ.
- ಎಂ.ಎಸ್ಸಿ.: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ. ಐಐಟಿಗಳಿಗೆ ‘ಜಾಮ್’ ಪರೀಕ್ಷೆ ಬರೆಯಬೇಕು.
- ಪಿಎಚ್.ಡಿ.: ಸಿಎಸ್‌ಐಆರ್-ನೆಟ್ ಪರೀಕ್ಷೆಯ ಭೂವಿಜ್ಞಾನ ವಿಭಾಗದಲ್ಲಿ ಜೆಆರ್‌ಎಫ್ ಪಡೆದರೆ ಸಂಶೋಧನೆಗೆ ಶಿಷ್ಯವೇತನ ಸಿಗುತ್ತದೆ. ‘ಗೇಟ್’ ಇನ್ನೊಂದು ದಾರಿ. ಹೈದರಾಬಾದಿನ ಎನ್‌ಜಿಆರ್‌ಐ, ಧನಬಾದ್, ಖರಗ್‌ಪುರ ಮತ್ತು ಮುಂಬೈ ಐಐಟಿಗಳು ಪ್ರಮುಖ ಕೇಂದ್ರಗಳು.
- ನಂತರ ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಹುದ್ದೆಗಳು.

ಬೋಧನೆ ಬೇಡವೆನಿಸಿದರೆ ಎಂ.ಎಸ್ಸಿ. ಬಳಿಕ ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ಬರೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಬಹುದು.

ಪಾಲಕರ ಗಮನಕ್ಕೆ

ಪಿಯುಸಿಯಿಂದ ಪಿಎಚ್.ಡಿ.ವರೆಗೆ ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಮನೆಯವರ ತಾಳ್ಮೆ ಅಗತ್ಯ. ಭೂವಿಜ್ಞಾನದ ಎಂ.ಎಸ್ಸಿ.ಗೆ ಸಾಮಾನ್ಯವಾಗಿ ಪದವಿಯಲ್ಲೂ ಅದೇ ವಿಷಯ ಓದಿರಬೇಕು. ಆದ್ದರಿಂದ ಬಿ.ಎಸ್ಸಿ. ಸೇರುವ ಮೊದಲೇ ಆ ಕಾಲೇಜಿನಲ್ಲಿ ಭೂವಿಜ್ಞಾನ ಇದೆಯೇ ಎಂದು ವಿಚಾರಿಸುವುದು ಒಳ್ಳೆಯದು.